ಮುತ್ತಿಗೊಂದು ಕಿಂಡಿ

ಮನೆಯಲ್ಲಿ ಕಳೆದುಹೋದ ಸಾಮಾನೆಲ್ಲ ಚಂದ್ರನಲ್ಲಿಗೆ ಹೋಗುತ್ತದೆ ಎಂದು ನನಗೆ ಹೇಳಿದವಳು ಬಿಲ್ಲಾ ಅಜ್ಜಿ. ಜೋಡಿ ತಪ್ಪಿದ ಕಾಲುಚೀಲ, ಡಬ್ಬಿಯ ಮುಚ್ಚಳ, ಚಹಾ ಸೋಸುವ ಜಾಲರಿ, ಆಲೂಗಡ್ಡೆ ಹೆರೆಯುವ ಚಾಕು, ಯಾವುದೂ ಸುಮ್ಮಸುಮ್ಮನೆ ಕಳೆಯುವುದಿಲ್ಲವಂತೆ. ಚಂದ್ರನಲ್ಲಿ ಒಬ್ಬ ಮುದುಕನಿದ್ದಾನೆ. ಅವನಿಗೆ ಸಂಸಾರ ಹೂಡುವ ಆಸೆ, ಅಲ್ಲಿ ನೋಡಿದರೆ ಒಂದು ಅಂಗಡಿಯೂ ಇಲ್ಲ. ಅದಕ್ಕೇ ಉದ್ದನೆಯ ಕೊಳವೆ ಇಳಿಬಿಟ್ಟು ನಮ್ಮ ಅಡುಗೆಮನೆಗಳಿಂದ ಒಂದೊಂದೇ ಸಾಮಾನು ಹೀರಿಕೊಳ್ಳುತ್ತಾನೆ. ಅವನ ಮನೆಗಿರುವುದು ಒಂದೇ ಪುಟ್ಟ ಬಾಗಿಲು. ಅಮಾವಾಸ್ಯೆಗೆ ಅದು ಮುಚ್ಚಿರುತ್ತದೆ. ಹುಣ್ಣಿಮೆಗೆ ಪೂರಾ ತೆರೆದು, ಮುಖ ಹೊರಹಾಕಿ, ಕದ್ದದ್ದಕ್ಕೆ ಬದಲಾಗಿ ತುಟಿ ಚಾಚಿ ಭೂಮಿಗೊಂದು ಮುತ್ತು ಎಸೆಯುತ್ತಾನೆ.

ಈ ಕಥೆಯನ್ನು ನಾನಿನ್ನೂ ಪೂರ್ತಿ ಬಿಟ್ಟಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವ, ತೆರಿಗೆ ಕಟ್ಟುವ, ಹಲ್ಲುನೋವು ಬಂದರೆ ಒಬ್ಬಳೇ ಹೋಗಿ ಕೀಳಿಸಿಕೊಂಡು ಬರುವ ಹೆಣ್ಣು ನಾನು. ಆದರೂ ಬೀಗದ ಕೈ ಸಿಗದಿದ್ದರೆ ಮೊದಲು ಜೇಬು ತಡಕುವುದಿಲ್ಲ, ಕಿಟಕಿಯಾಚೆ ಆಕಾಶ ನೋಡುತ್ತೇನೆ. ಹಾಗಾಗಿ ನವೆಂಬರಿನಲ್ಲಿ ನಮ್ಮ ಬಾತುಕೋಳಿ ಓಣಿಯವರೆಲ್ಲ ಮೂಲೆಯ ಬಿಯರ್ ಮನೆಯಲ್ಲಿ ಸೇರಿ, ಈ ಸಲ ಚಳಿಗಾಲದ ಕೊನೆಗೆ ಬರುವ ಬೀದಿಹಬ್ಬ ಕಾರ್ನಿವಲ್‌ಗೆ ಯಾವ ವೇಷ ಎಂದು ಕಿತ್ತಾಡುತ್ತಿದ್ದಾಗ ನನ್ನ ಬಾಯಿಂದ ತಾನಾಗಿ ಉದುರಿತು:

“ಚಂದ್ರಲೋಕದವರು. ಕದ್ದ ಸಾಮಾನು ವಾಪಸ್ ಕೊಡೋಕೆ ಬಂದಿರೋರು.”

ನಲ್ಲಿ ರಿಪೇರಿಯ ಯುಪ್ ಮಾಮ ನನ್ನ ಲೋಟ ಎತ್ತಿ ಮೂಸಿ ನೋಡಿದ.

“ಸೇಬಿನ ರಸವೇ ಇದೆಯಲ್ಲೋ,” ಎಂದ. “ಹಂಗಾದ್ರೆ ಈ ಹುಡುಗಿ ಮೆರ್ಲೆ ಹುಟ್ಟಿದ್ದೇ ಹಿಂಗೆ.”

“ಹುಟ್ಟಿದ್ದಲ್ಲ, ನಾನು ಬೆಳೆಸಿದ್ದು ಹಂಗೆ,” ಎಂದಳು ಬಿಲ್ಲಾ ಅಜ್ಜಿ. ಅವಳ ಕಣ್ಣು ಆಗಲೇ ಹೊಳೆಯತೊಡಗಿತ್ತು. “ಕಾಲುಚೀಲದೊಳಗೆ ಮಿಠಾಯಿ ತುಂಬಿ ಎಸೆಯೋಣ. ‘ತಗೊಳ್ಳಿ, ಇದು ನಿಮ್ಮದೇ!’ ಅಂತ. ಏನಂತೀಯೋ ಯುಪ್ಪ?”

ಯುಪ್ ಮಾಮ ಏನನ್ನುತ್ತಾನೆ? ಬಿಲ್ಲಾ ಅಜ್ಜಿ ಕೇಳಿದ್ದಕ್ಕೆ ಇಲ್ಲವೆಂದ ಗಂಡಸು ನಮ್ಮ ಓಣಿಯಲ್ಲಿಲ್ಲ.

ನಮ್ಮೂರು ಕೊಲೋನ್‌ನಲ್ಲಿ ಹುಟ್ಟಿದವರಿಗೆ ಇದು ಮಕ್ಕಳಾಟವಲ್ಲ. ಕಾರ್ನಿವಲ್‌ನ ಭಾನುವಾರ ಶಾಲೆಗಳದ್ದು, ಓಣಿಗಳದ್ದು ಮೆರವಣಿಗೆ. ಸೋಮವಾರದ್ದು ದೊಡ್ಡ ಮೆರವಣಿಗೆ: ಕುದುರೆ, ರಥದಂಥ ಬಂಡಿಗಳು, ಇಡೀ ದೇಶದ ಕಣ್ಣು. ಭಾನುವಾರ ಯಾವ ತಂಡಗಳು ತೀರ್ಪುಗಾರರ ಮನಸ್ಸು ಗೆಲ್ಲುತ್ತವೋ ಅವು ಮಾರನೆಯ ದಿನ ಸೋಮವಾರದವರ ಜೊತೆ ನಡೆಯಬಹುದು. ನಮ್ಮ ಓಣಿಯವರು ಮೂಲಂಗಿಗಳಾಗಿ ನಡೆದಿದ್ದೆವು, ಅಂಚೆಡಬ್ಬಿಗಳಾಗಿ ನಡೆದಿದ್ದೆವು, ಒಮ್ಮೆ ನೆರೆಯಲ್ಲಿ ತೇಲಿಬಂದ ಸೋಫಾಗಳಾಗಿಯೂ ನಡೆದಿದ್ದೆವು. ಸೋಮವಾರ ಮಾತ್ರ ಒಲಿದಿರಲಿಲ್ಲ.

ಉಳಿದವರಿಗೆಲ್ಲ ಅದೊಂದು ಬಹುಮಾನ. ಅಜ್ಜಿಗೆ ಹಾಗಲ್ಲ. ಅವಳ ತಾಯಿ ಕೆಲಸ ಮಾಡುತ್ತಿದ್ದ ಬೇಕರಿ ಸೋಮವಾರದ ಮೆರವಣಿಗೆಯ ದಾರಿಯಲ್ಲೇ ಇತ್ತು. ವರ್ಷದಲ್ಲೇ ಅತಿ ಹೆಚ್ಚು ಜಾಮ್ ಬೋಂಡ ಕರಿಯುವ ದಿನ ಅದು. ಪುಟ್ಟ ಬಿಲ್ಲಾಳ ಕೆಲಸ, ಕಿಟಕಿಯ ಪಕ್ಕ ನಿಂತು ಬಿಸಿ ಬೋಂಡಗಳ ಮೇಲೆ ಸಕ್ಕರೆಪುಡಿ ಉದುರಿಸುವುದು. ಪುಡಿ ಹಾರಿ ಹಾರಿ ಗಾಜೆಲ್ಲ ಬೆಳ್ಳಗಾಗುತ್ತಿತ್ತು. ಮೆರವಣಿಗೆ ಅವಳಿಗೆ ಕಂಡದ್ದು ಆ ಬಿಳಿಯ ಮಂಜಿನಾಚೆಗೇ. ದೊಡ್ಡವಳಾದ ಮೇಲೆ ಅದೇ ಬೇಕರಿಯಲ್ಲಿ ಅವಳೂ ಕೆಲಸಕ್ಕೆ ನಿಂತಳು. ಕಾರ್ನಿವಲ್ ಸೋಮವಾರ ರಜೆ ಕೇಳುವ ಬೇಕರಿಯವಳನ್ನು ಯಾರಾದರೂ ಕಂಡಿದ್ದಾರೆಯೇ? ಕೆಲಸ ಬಿಟ್ಟ ಮೇಲೆ ನಾವು, “ಬಾ ಅಜ್ಜಿ, ರಸ್ತೆ ಬದಿ ನಿಂತು ನೋಡೋಣ,” ಎಂದು ಕರೆದರೆ ತಲೆಯಾಡಿಸುತ್ತಿದ್ದಳು.

“ನೋಡಿದ್ದು ಸಾಕು ಕಣೇ. ನಡೀಬೇಕು. ಆ ಕಿಟಕಿ ಹೊರಗಿನಿಂದ ಹೆಂಗೆ ಕಾಣುತ್ತೆ ಅಂತ, ನಡ್ಕೊಂಡು ಹೋಗ್ತಾ ನೋಡ್ಬೇಕು.”

ಈಸ್ಟರ್ ಕಳೆದ ಮೇಲೆ ಅವಳ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ಎಂದು ವೈದ್ಯರು ದಿನ ಗೊತ್ತುಮಾಡಿದ್ದರು. ಮುಂದಿನ ವರ್ಷದ ಮಾತು ಎತ್ತಿದರೆ ಅವರು ಕೆಮ್ಮುತ್ತಿದ್ದರು. ಅಜ್ಜಿ ಮಾತ್ರ, “ಈ ಸಲ ಆಗಲಿಲ್ಲಾಂದ್ರೆ ಚಂದ್ರನಲ್ಲೇ ನಡೀತೀನಿ ಬಿಡು. ಅಲ್ಲಿ ಮೈಭಾರ ಕಮ್ಮಿಯಂತೆ,” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕು ಮನೆಗೆ ಹೋಗಿ, ಹೇಗಾದರೂ ಈ ಮುದುಕಿಯನ್ನು ಆ ಕಿಟಕಿಯ ಮುಂದೆ ನಡೆಸಲೇಬೇಕು ಎಂದು ದಿಂಬಿಗೆ ಹೇಳುತ್ತಿದ್ದೆ.

ಹೆಲ್ಮೆಟ್ಟುಗಳ ಕೆಲಸ ಜನವರಿಯಲ್ಲಿ ಅಜ್ಜಿಯ ಅಡುಗೆಮನೆಯಲ್ಲಿ ಶುರುವಾಯಿತು. ಅವಳದೊಂದೇ ಕಟ್ಟಳೆ: ಅಂಗಡಿಯಿಂದ ಏನೂ ತರಬಾರದು. “ಚಂದ್ರನಲ್ಲಿ ಅಂಗಡಿಯಿಲ್ಲ. ಅವರವರ ಮನೆಯಲ್ಲಿ ಏನಿದೆಯೋ ಅದೇ ಅವರವರ ತಲೆಗೆ.”

ಆಮೇಲೆ ನೋಡಬೇಕಿತ್ತು ನಮ್ಮ ಓಣಿಯ ಕೊಳ್ಳೆಯನ್ನು! ಜನ ತಮ್ಮ ತಮ್ಮ ಮನೆಗೇ ಕನ್ನ ಹಾಕಿದರು. ಬಟ್ಟೆಬುಟ್ಟಿ, ಬಾಣಲೆ, ಕೇಕಿನ ಅಚ್ಚು, ಹಸುಗೂಸುಗಳು ಕೂರುವ ಶೌಚದ ಬಟ್ಟಲು (ತೊಳೆದದ್ದು, ಆಣೆಯಿಟ್ಟು ಹೇಳಿದರು), ಜೇನು ಹುಳುಗಳಿಗೆ ಹೆದರಿ ಹಣ್ಣಿನ ಮೇಲೆ ಮುಚ್ಚುವ ಬಲೆ, ಎಲ್ಲವೂ ಅಜ್ಜಿಯ ಮೇಜಿನ ಮೇಲೆ ಗುಡ್ಡೆಯಾದವು. ತರಕಾರಿ ಸೋಸುವ ತೂತಿನ ಪಾತ್ರೆ ನೆತ್ತಿಗಾಯಿತು. ಹಳೆಯ ಸ್ನಾನದ ತುಂತುರು ನಲ್ಲಿ ಕಿವಿಯ ಪಕ್ಕದ ಮೈಕಾಯಿತು. ಮೊಟ್ಟೆ ಕಲಕುವ ತಂತಿಗಳು ರೇಡಿಯೋ ಅಲೆ ಹಿಡಿಯುವ ಮೀಸೆಗಳಾದವು. ಮುಖದ ಮುಂದೆ ಮಾತ್ರ ಎಲ್ಲರಿಗೂ ಒಂದೇ ಬಗೆ: ದೊಡ್ಡ ನೀರಿನ ಕ್ಯಾನುಗಳನ್ನು ಸೀಳಿ ಬಾಗಿಸಿದ ಪಾರದರ್ಶಕ ಪ್ಲಾಸ್ಟಿಕ್. ಬಲೂನಿನ ಮೇಲೆ ಹಳೆಯ ಪತ್ರಿಕೆಗಳ ಚೂರು ಅಂಟಿಸಿ ಬುರುಡೆ ಮಾಡುವಾಗ ಬಲೂನು ಒಡೆದು ಯುಪ್ ಮಾಮನ ಗಡ್ಡದ ತುಂಬ ಮೈದಾ ಅಂಟು, ಅದರ ಮೇಲೆ ಕ್ರೀಡಾಪುಟ. ಫುಟ್‌ಬಾಲ್‌ನಲ್ಲಿ ನಮ್ಮೂರು ಸೋತ ಸುದ್ದಿಯನ್ನು ಅವನ ಕೆನ್ನೆಯ ಮೇಲೆ ನಾವೆಲ್ಲ ಓದಿದೆವು.

“ಅಲ್ಲೇ ಇರಲಿ ಬಿಡೋ, ಆ ತಂಡ ಎಲ್ಲಿದ್ರೂ ಜಾರುತ್ತೆ,” ಎಂದಳು ಅಜ್ಜಿ.

ಎದುರುಮನೆಯ ಎಮ್ರೆ ತಂದದ್ದು ಎಲ್ಲಕ್ಕಿಂತ ಚೆಂದದ್ದು. ಟ್ರಾಮ್ ಓಡಿಸುವ ಹುಡುಗ ಅವನು, ಮೆರವಣಿಗೆಯಲ್ಲಿ ನಮ್ಮ ದೊಡ್ಡ ಡೋಲು ಬಾರಿಸುವವನು. ಅವನ ಅಮ್ಮನ ನಡುಮನೆಯಲ್ಲಿ ತೂಗುತ್ತಿದ್ದ ದೀಪದ ಗೋಳ, ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್, ಜೇನಿನ ಬಣ್ಣ. ತಲೆಗೆ ಸಿಕ್ಕಿಸಿಕೊಂಡು ನಿಂತರೆ ಹುಣ್ಣಿಮೆಯೇ ಜೀನ್ಸ್ ಹಾಕಿಕೊಂಡು ಬಂದ ಹಾಗೆ.

“ಅಮ್ಮ ಒಂದೇ ಮಾತು ಹೇಳಿದ್ದಾರೆ,” ಎಂದ ಒಳಗಿನಿಂದ. ದನಿ ಬಾವಿಯಿಂದ ಬಂದಂತಿತ್ತು. “ಕೊರೆಯೋ ಹಾಗಿಲ್ಲ, ಕತ್ತರಿಸೋ ಹಾಗಿಲ್ಲ. ಒಂದು ಗೀರು ಬಿದ್ರೂ ಮನೆಗೆ ಬರೋ ಹಾಗಿಲ್ಲ.”

“ಮನೆಗೆ ಬರಬೇಡ ಅಂದ್ರೆ ಎಲ್ಲಿಗೆ ಹೋಗ್ತೀಯೋ ಪಾಪ?” ಎಂದಳು ಅಜ್ಜಿ, ನನ್ನ ಕಡೆ ನೋಡುತ್ತಾ. ನಾನು ಬಹಳ ಶ್ರದ್ಧೆಯಿಂದ ಒಂದು ಬಟ್ಟಲಿಗೆ ಬೆಳ್ಳಿಬಣ್ಣ ಬಳಿದೆ. ಅದು ಅಜ್ಜಿ ಚಹಾ ಕುಡಿಯುವ ಬಟ್ಟಲು ಎಂದು ಆಮೇಲೆ ತಿಳಿಯಿತು.

ಎಲ್ಲವನ್ನೂ ಜೋಡಿಸುವ ಹೊಣೆ ಯುಪ್ ಮಾಮನದು. ಜೀವಮಾನವೆಲ್ಲ ಸೋರುವ ನಲ್ಲಿಗಳ ಜೊತೆ ಗುದ್ದಾಡಿದ ಮನುಷ್ಯ. ಸೋರುವುದೆಂದರೆ ಅವನಿಗೆ ಪಾಪ. ಹೆಲ್ಮೆಟ್ಟಿನ ಪ್ರತಿ ಸಂದಿಗೂ ಸ್ನಾನದಮನೆಯ ಬಿಳಿ ಅಂಟು ತುಂಬಿದ. ಕುತ್ತಿಗೆಗೆ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿದ. ಉಸಿರಾಡಲು ಕಸಗುಡಿಸುವ ಯಂತ್ರದ ಕೊಳವೆಯನ್ನು ಹಿಂದಲೆಯಿಂದ ಇಳಿಸಿ ಸೊಂಟದ ಹಿಂಭಾಗಕ್ಕೆ ಕಟ್ಟಿದ. ಕೊನೆಗೆ ತನ್ನ ಹೆಲ್ಮೆಟ್ ಹಾಕಿಕೊಂಡು ಅಜ್ಜಿಯ ಸ್ನಾನದ ತೊಟ್ಟಿಗೆ ತಲೆ ಮುಳುಗಿಸಿ ಎದ್ದು, ಒದ್ದೆಯಾಗದ ಗಡ್ಡ ತೋರಿಸಿದ.

“ನೋಡು ಬಿಲ್ಲಕ್ಕ. ಒಂದು ಹನಿ ಒಳಗೆ ಹೋಗಿದೆಯಾ? ನಿಜವಾಗ್ಲೂ ಚಂದ್ರನಿಗೆ ಕಳಿಸಬಹುದು.”

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೊಲೋನ್‌ನವರ ಬುದ್ಧಿ ಆವತ್ತು ಎಲ್ಲಿ ಹೋಗಿತ್ತೋ. ಬಹುಶಃ ಅದೂ ಕೊಳವೆಯಲ್ಲಿ ಹೀರಿ ಚಂದ್ರನಿಗೆ ಹೋಗಿರಬೇಕು.

ಕಾರ್ನಿವಲ್ ವಾರದ ಹೆಂಗಸರ ಗುರುವಾರ ಬಂತು. ಆವತ್ತು ಊರು ಹೆಂಗಸರ ಕೈಯಲ್ಲಿ. ಕಂಡ ಕಂಡ ಗಂಡಸರ ಟೈ ಕತ್ತರಿಸಿ, ಬದಲಿಗೆ ಕೆನ್ನೆಗೊಂದು ಮುತ್ತು ಕೊಟ್ಟು ಬರುವುದು. ಅಜ್ಜಿ ಮಂಡಿಗೆ ಪಟ್ಟಿ ಬಿಗಿದು, ದರ್ಜಿಯ ದೊಡ್ಡ ಕತ್ತರಿ ಹಿಡಿದು ಬೇಟೆಗೆ ಹೊರಟಳು. ಮಂಡಿಯ ವೈದ್ಯರ ಟೈ ಮೊದಲು ಬಿತ್ತು. “ನಿಮ್ಮ ಕತ್ತರಿಗಿಂತ ಮುಂಚೆ ನಮ್ಮ ಕತ್ತರಿ,” ಎಂದಳಂತೆ. ಸಂಜೆಗೆ ಅವಳ ಕೈಚೀಲದಲ್ಲಿ ಟೈ ತುಂಡುಗಳ ಸಂತೆ: ಪಟ್ಟೆಯವು, ಚುಕ್ಕಿಯವು, ಆನೆಮರಿಗಳಿದ್ದ ಒಂದು. ಅವಳಿಗಾಗಿಯೇ ಪ್ರತಿವರ್ಷ ಹಳೆಯ ಟೈ ಕಟ್ಟಿಕೊಂಡು ಬಾಗಿಲಲ್ಲಿ ಕಾಯುವ ಯುಪ್ ಮಾಮನದೂ ಇತ್ತು. ಕಾರ್ನಿವಲ್ ಮುಗಿಯುವವರೆಗೆ ಆ ಚೀಲ, ಆ ಕತ್ತರಿ ಅವಳ ಹೆಗಲು ಬಿಡುವುದಿಲ್ಲ. ಗೆದ್ದ ಸರಕು ಮೆರೆಸಬೇಕಲ್ಲ.

ಭಾನುವಾರ ಬೆಳಿಗ್ಗೆ ಚಳಿಯಿತ್ತು, ಬಿಸಿಲೂ ಇತ್ತು. ತಂಡಗಳೆಲ್ಲ ಸಾಲುಗಟ್ಟುವ ಜಾಗದಲ್ಲಿ ಯುಪ್ ಮಾಮ ಒಬ್ಬೊಬ್ಬರಿಗೂ ಹೆಲ್ಮೆಟ್ ಕೂರಿಸಿ, ಕುತ್ತಿಗೆಯ ರಬ್ಬರ್ ಬಿಗಿದು, ಬೆಳ್ಳಿ ಹಾಳೆಯ ನಿಲುವಂಗಿಗೆ ಸೇರಿಸಿ ಅಂಟುಪಟ್ಟಿ ಸುತ್ತಿದ. ನಾವು ಒಬ್ಬರನ್ನೊಬ್ಬರು ನೋಡಿ ಕುಣಿದಾಡಿದೆವು. ಬಟ್ಟೆಬುಟ್ಟಿಗಳು, ಬಾಣಲೆಗಳು, ಕೇಕಿನ ಗುಮ್ಮಟಗಳು ಬಿಸಿಲಿಗೆ ಫಳಫಳ. ಪಕ್ಕದ ತಂಡದ ಕ್ಯಾರೆಟ್ ವೇಷದ ದಢೂತಿ ಹೆಂಗಸೊಬ್ಬಳು ಸಂತೋಷ ತಡೆಯಲಾರದೆ ತೋಳು ಚಾಚಿ ಬಂದು ಅಜ್ಜಿಗೆ ಮುತ್ತು ಕೊಡಲು ಬಾಗಿದಳು.

ಟಕ್.

ಕ್ಯಾರೆಟ್ ಮೂಗು ಹಿಡಿದುಕೊಂಡಳು. ಅಜ್ಜಿ ಒಳಗಿನಿಂದ ತುಟಿ ಚಾಚಿದಳು. ಟಕ್. ಯುಪ್ ಮಾಮನಿಗೆ ಯಾರೋ ಬಿಯರ್ ಕೊಟ್ಟರು. ಅವನು ಧನ್ಯವಾದ ಹೇಳಿ, ತಲೆ ಹಿಂದಕ್ಕೆ ಬಾಗಿಸಿ, ಅಷ್ಟನ್ನೂ ತನ್ನ ಪ್ಲಾಸ್ಟಿಕ್ ಮುಖದ ಮೇಲೆ ಸುರಿದುಕೊಂಡ. ಒಂದು ಹನಿಯೂ ಒಳಗೆ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಗಾದೆಯನ್ನು ಇಷ್ಟು ನಿಚ್ಚಳವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ.

“ಅಲಾಫ್!” ಎಂದು ಕೂಗಿದೆ ನಾನು. ಕಾರ್ನಿವಲ್‌ನ ಆ ಜಯಕಾರ ನನ್ನ ಬಾಯಿಂದ ಹೊರಟು, ತಲೆಸುತ್ತಿ, ಕೊಳವೆಯಲ್ಲಿ ಇಳಿದು, ಸೊಂಟದ ಹಿಂಭಾಗದಿಂದ ಹೊರಬಂತು. ಹಿಂದೆ ನಿಂತಿದ್ದವರು ಬೆಚ್ಚಿ ಒಂದು ಹೆಜ್ಜೆ ಸರಿದರು.

ಆಗ ನಮಗೆಲ್ಲ ಒಟ್ಟಿಗೇ ಹೊಳೆಯಿತು. ಮುತ್ತು ಕೊಡಲಾಗದ, ಕುಡಿಯಲಾಗದ, ಕೂಗಿದರೆ ಹಿಂದಿನಿಂದ ಸದ್ದು ಬರುವ ವೇಷ! ಇಡೀ ಜಗತ್ತಿನಲ್ಲಿ ಯಾರು ಬೇಕಾದರೂ ಇದನ್ನು ಮರೆಯಬಹುದು, ಕೊಲೋನ್‌ನವರು ಮರೆಯಬಾರದಿತ್ತು. ಕಾರ್ನಿವಲ್‌ನಲ್ಲಿ ಮುತ್ತು ಎಂದರೆ ನಮಸ್ಕಾರ. ರಸ್ತೆ ಬದಿಯ ಜನ ಮಿಠಾಯಿಗೆ ಕೈ ಚಾಚುತ್ತಾರೆ, ಕೆನ್ನೆಯನ್ನೂ ಚಾಚುತ್ತಾರೆ. ತೀರ್ಪುಗಾರರು ನೋಡುವುದೂ ಅದನ್ನೇ, ತಂಡ ಜನರೊಡನೆ ಹೇಗೆ ಬೆರೆಯುತ್ತದೆ ಎಂದು. ಸಾಲದ್ದಕ್ಕೆ ನಮ್ಮ ಉಸಿರಿನ ಬಿಸಿಗೆ ಪ್ಲಾಸ್ಟಿಕ್ ಮಂಜಾಗತೊಡಗಿತ್ತು. ಓಣಿಗೆ ಓಣಿಯೇ ಬೆಳ್ಳಗೆ ಮಸುಕಾಗಿ, ಕುರುಡಾಗಿ ನಿಂತಿತ್ತು.

“ತೆಗೀರಿ! ಎಲ್ಲಾ ತೆಗೀರಿ!” ಯಾರದೋ ಸೊಂಟ ಕಿರುಚಿತು.

“ತೆಗೆದ್ರೆ ಹರಿದುಹೋಗುತ್ತೆ!” ಯುಪ್ ಮಾಮನ ಸೊಂಟ ಅಳುದನಿಯಲ್ಲಿ ಉತ್ತರಿಸಿತು. “ನಾನು ಅಂಟಿಸಿದ್ದು ಕಣ್ರೋ, ಬಿಡುತ್ತಾ ಅದು?”

ಹರಿದು ತೆಗೆದರೂ ಉಳಿಯುವುದೇನು? ಹೆಲ್ಮೆಟ್ ಇಲ್ಲದ ನಾವು ಬರೀ ಒಲೆಗಿಡಲು ಬೆಳ್ಳಿಹಾಳೆ ಸುತ್ತಿದ ಕೋಳಿಗಳು. ಕೋಳಿಗಳಿಗೆ ಸೋಮವಾರ ಕೊಡುವವರು ಯಾರು? ಮುಂದಿನ ತಂಡದ ಕಹಳೆ ಊದಿಯಾಗಿತ್ತು.

ಅಜ್ಜಿಯ ಕಡೆ ನೋಡಿದೆ. ಅವಳ ಮುಖ ಕಾಣುತ್ತಿರಲಿಲ್ಲ. ಬರೀ ಮಂಜು. ಆ ಮಂಜಿನ ಮೇಲೆ ಒಳಗಿನಿಂದ ಒಂದು ಬೆರಳು ಬಂದಂತಾಯಿತು. ಬೆರಳಲ್ಲ, ಮೂಗು. ಮೂಗಿನಿಂದ ಮಂಜು ಒರೆಸಿ, ಸಣ್ಣ ಗುಂಡನೆಯ ಜಾಗ ಮಾಡಿಕೊಂಡು, ಅದರಿಂದ ಒಂದೇ ಕಣ್ಣು ನನ್ನನ್ನು ನೋಡಿತು. ಹೆದರಿದ ಕಣ್ಣು. ಆ ಕಣ್ಣಿಗೆ ಸೋಮವಾರ ಕೈಜಾರುವುದು ಕಾಣಿಸುತ್ತಿತ್ತು. ನನಗೆ ಮಾತ್ರ ಆ ಗುಂಡನೆಯ ಜಾಗ ಕಂಡಿತು. ಬಾಗಿಲು! ಚಂದ್ರನ ಮುದುಕನ ಬಾಗಿಲು! ಹುಣ್ಣಿಮೆಗೆ ತೆರೆಯುವುದು!

ಅಜ್ಜಿಯ ಸೊಂಟದ ಕೊಳವೆ ಎತ್ತಿ ಅದರೊಳಗೆ ಕೂಗಿದೆ: “ಅಜ್ಜೀ! ಕತ್ತರಿ ಎಲ್ಲಿ?”

“ಯಾಕೇ?”

“ಹುಣ್ಣಿಮೆ ಅಜ್ಜಿ! ಬಾಗಿಲು ತೆಗಿ!”

ಒಳಗಿನಿಂದ ಬಂದ ನಗು ಕೊಳವೆಯಲ್ಲಿ ಗುಡುಗುಡುಗುಟ್ಟುತ್ತಾ ನನ್ನ ಕೈಯನ್ನೇ ನಡುಗಿಸಿತು. ಅಜ್ಜಿ ಕೈಚೀಲದಿಂದ ಗುರುವಾರದ ಕತ್ತರಿ ಎಳೆದಳು. ಕ್ಯಾನಿನ ಪ್ಲಾಸ್ಟಿಕ್ ಆ ಕತ್ತರಿಗೆ ಯಾವ ಲೆಕ್ಕ? ಮೊದಲು ನನ್ನದು. ಬಾಯಿಯ ಮುಂದೆ ಒಂದು ಚೌಕ ಕತ್ತರಿಸಿ ಮೇಲುಗಡೆ ಒಂದು ಅಂಚು ಬಿಡಲು ನೋಡಿದಳು, ಅದು ಪಟಕ್ಕನೆ ಮುರಿದು ಅವಳ ಕೈಗೆ ಬಂತು. ಬಾಗಿಲಿದೆ, ಕೀಲಿಲ್ಲ.

“ಟೈ!” ಎಂದಳು ಅಜ್ಜಿ, ಇನ್ನೂ ನನ್ನ ಕೈಯಲ್ಲೇ ಇದ್ದ ತನ್ನ ಕೊಳವೆಯಿಂದ. “ಏ ಯುಪ್ಪ, ಅಂಟು ತಾರೋ!”

ಪಟ್ಟೆ ಟೈಯ ತುಂಡೊಂದು ಕೀಲಾಗಿ ನನ್ನ ಮೂಗಿನ ಮೇಲೆ ಕೂತಿತು. ಅದರ ತುದಿಗೆ ಪ್ಲಾಸ್ಟಿಕ್ ಬಾಗಿಲು. ಎತ್ತಿದರೆ ತೆರೆಯಿತು, ಬಿಟ್ಟರೆ ಮುಚ್ಚಿತು. ತಣ್ಣನೆಯ ಗಾಳಿ ಒಳನುಗ್ಗಿ ಮಂಜು ಕರಗಿ ಊರೆಲ್ಲ ಮತ್ತೆ ಬಣ್ಣವಾಯಿತು. ಕ್ಯಾರೆಟ್ ಹೆಂಗಸು ಮೊದಲ ಮುತ್ತು ಕೊಟ್ಟು ಪರೀಕ್ಷಿಸಿದಳು. ಚೆನ್ನಾಗಿ ಕೆಲಸ ಮಾಡಿತು.

ಆಮೇಲೆ ಅಜ್ಜಿಯ ಕೈ ನಿಲ್ಲಲಿಲ್ಲ. ಅವಳು ಕತ್ತರಿಸುತ್ತಾ, ಯುಪ್ ಮಾಮ ಅಂಟಿಸುತ್ತಾ, “ನನ್ನ ಕೆಲಸಕ್ಕೆ ನಾನೇ ತೂತು ಹಾಕೋ ಹಂಗಾಯ್ತಲ್ಲಪ್ಪ,” ಎಂದು ಕೊರಗುತ್ತಾ, ಸಾಲಿನುದ್ದಕ್ಕೂ ಬಂದರು. ಬ್ಯಾಂಕಿನವನ ಚುಕ್ಕಿ ಟೈ ಬಾಣಲೆ ಹೆಲ್ಮೆಟ್ಟಿಗೆ, ವಿಮೆಯವನ ನೀಲಿ ಟೈ ಬಟ್ಟೆಬುಟ್ಟಿಗೆ. ಮಂಡಿ ವೈದ್ಯರ ಟೈಯನ್ನು ಅಜ್ಜಿ ತನಗೇ ಇಟ್ಟುಕೊಂಡಳು. ಆನೆಮರಿಗಳದ್ದು ಯುಪ್ ಮಾಮನಿಗೆ ಹೋಯಿತು. ಅವನು ಬಾಗಿಲು ತೆರೆದ ತಕ್ಷಣ ಒಂದು ಬಿಯರ್ ಒಳಸರಿದು ಖಾಲಿಯಾಗಿ ಹೊರಬಂತು.

“ಸೋರೋದ್ರಲ್ಲೂ ಒಂದು ಸುಖ ಇದೆ ಕಣೋ,” ಎಂದು ಕಣ್ಣು ಮುಚ್ಚಿದ.

ಉಳಿದವನು ಎಮ್ರೆ. ಅವನ ಜೇನುಬಣ್ಣದ ಗೋಳದ ಮುಂದೆ ಅಜ್ಜಿ ಕತ್ತರಿ ಎತ್ತಿದಳು, ಎಮ್ರೆ ಡೋಲಿನ ಕೋಲು ಅಡ್ಡ ಹಿಡಿದ.

“ಅಜ್ಜಿ, ದಮ್ಮಯ್ಯ. ಅಮ್ಮ.”

“ಹೌದಲ್ಲ. ಸರಿ, ನಿನಗೆ ಬಾಗಿಲಿಲ್ಲ. ನೀನು ಅಮಾವಾಸ್ಯೆ.” ಹಾಗೆಂದು ತನ್ನ ಹೊಸ ಕಿಂಡಿ ಎತ್ತಿ, ಕೆಂಪು ತುಟಿ ಚಾಚಿ, ಗೋಳದ ಮೇಲೆಯೇ ಒತ್ತಿಬಿಟ್ಟಳು. ಗೀರು ಬೀಳಲಿಲ್ಲ. ಚಂದ್ರನ ಮೇಲೊಂದು ಕೆಂಪು ಕುಳಿ ಬಿತ್ತು, ಅಷ್ಟೆ.

ಕಹಳೆ ನಮಗಾಗಿ ಊದಿತು. ಎಮ್ರೆ ಡೋಲಿಗೆ ಬಾರಿಸಿದ, ಬಾತುಕೋಳಿ ಓಣಿ ಹೊರಟಿತು.

ಹೇಗೆ ಹೇಳಲಿ ಅದನ್ನು? ಕಿಂಡಿಗಳು ಡೋಲಿನ ತಾಳಕ್ಕೆ ತೆರೆದವು, ಮುಚ್ಚಿದವು. ತೆರೆದಾಗ, “ಅಲಾಫ್!” ಮುಚ್ಚಿದಾಗ ಅದೇ ಅಲಾಫ್ ಹಿಂದಿನಿಂದ. ನಾವು ಅಭ್ಯಾಸ ಮಾಡಿದ್ದಲ್ಲ, ಆಣೆಗೂ. ಟೈಗಳು ತಾವಾಗಿ ಕುಣಿಯುತ್ತಿದ್ದವು. ಮಿಠಾಯಿ ತುಂಬಿದ ಒಂಟಿ ಕಾಲುಚೀಲಗಳನ್ನು, “ನಿಮ್ದೇ ಇದು, ಕ್ಷಮಿಸಿ, ಬಹಳ ದಿನ ಆಯ್ತು!” ಎಂದು ಜನರತ್ತ ಎಸೆದೆವು. ಮಿಠಾಯಿ ಹಿಡಿಯಲೆಂದು ಜನ ತಲೆಕೆಳಗಾಗಿ ಹಿಡಿದ ಕೊಡೆಗಳಲ್ಲಿ ಕಾಲುಚೀಲ ಬಿದ್ದಾಗ ಒಬ್ಬ ಮುದುಕ, “ಇದರ ಜೋಡಿ ನಮ್ಮನೇಲಿದೆ ಕಣ್ರೇ!” ಎಂದು ಹಾರಿಬಿದ್ದ. ಕಿಂಡಿ ಕಂಡವರೆಲ್ಲ ಮುತ್ತಿಗೆ ನುಗ್ಗಿದರು. ಇಷ್ಟು ಸಣ್ಣ ಬಾಗಿಲಿಗೆ ಇಷ್ಟು ದೊಡ್ಡ ಸಾಲು ನಾನು ಕಂಡಿಲ್ಲ. ಎಮ್ರೆಗೆ ಬಾಗಿಲಿಲ್ಲವೆಂದು ತಿಳಿದ ಹೆಂಗಸರು ಅಜ್ಜಿಯ ಗುರುತಿನ ಪಕ್ಕ ತಮ್ಮ ತಮ್ಮ ತುಟಿ ಒತ್ತಿದರು. ತೀರ್ಪುಗಾರರ ಕಟ್ಟೆಯ ಮುಂದೆ ಬರುವ ಹೊತ್ತಿಗೆ ಅವನ ಗೋಳದ ತುಂಬ ಕೆಂಪು, ಗುಲಾಬಿ, ನೇರಳೆ ಕುಳಿಗಳು. ದಾರಿಯೇ ಕಾಣದೆ ಡೋಲು ಬಾರಿಸುತ್ತಾ ಅವನು ಸೀದಾ ಕಟ್ಟೆಯ ಮೆಟ್ಟಿಲು ಹತ್ತಿ, ತೀರ್ಪುಗಾರರ ಮೇಜಿಗೆ ಹೊಟ್ಟೆ ತಾಗಿಸಿ ನಿಂತ.

“ಇದು ಯಾವ ನಿಲ್ದಾಣ?” ಎಂದು ಕೇಳಿದ ಒಳಗಿನಿಂದ.

ಕಟ್ಟೆಯೆಲ್ಲ ನಕ್ಕಿತು. ಚಿನ್ನದ ಟೋಪಿಯ ತೀರ್ಪುಗಾರ್ತಿಯೊಬ್ಬಳು ಎದ್ದು, ಲಿಪ್‌ಸ್ಟಿಕ್ ತೆಗೆದು ತುಟಿಗೆ ನಿಧಾನವಾಗಿ ಬಳಿದುಕೊಂಡು, ಗೋಳದಲ್ಲಿ ಉಳಿದಿದ್ದ ಒಂದೇ ಖಾಲಿ ಜಾಗ ಹುಡುಕಿ ಒತ್ತಿದಳು.

ಸಂಜೆ, ಯುಪ್ ಮಾಮ ಹರಿಯದಂತೆ ನಿಧಾನವಾಗಿ ಅಂಟು ಬಿಡಿಸಿಕೊಟ್ಟ ಹೆಲ್ಮೆಟ್ಟುಗಳನ್ನು ಮೇಜಿನ ಮೇಲಿಟ್ಟು, ಮೂಲೆಯ ಬಿಯರ್ ಮನೆಯಲ್ಲಿ ಫಲಿತಾಂಶಕ್ಕೆ ಕಾದೆವು. ನಮ್ಮಲ್ಲಿ ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ಬರುತ್ತದೆ. ಸಾಕು ಎನ್ನುವವರು ಲೋಟದ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಅಜ್ಜಿ ಕೂತ ತಕ್ಷಣ ಮುಚ್ಚಿದ್ದಳು. ನಾಳೆ ನಡೆಯುವುದಿದ್ದರೆ ಮಂಡಿ ಗಟ್ಟಿ ಇರಬೇಕು, ನಡೆಯುವುದಿಲ್ಲವಾದರೆ ಕುಡಿದು ಏನು ಪ್ರಯೋಜನ, ಎಂದಳು. ಅವಳ ಮಂಡಿ ಊದಿಕೊಂಡಿತ್ತು. ಮೇಜಿನ ಕೆಳಗೆ ಹಿಮಗಡ್ಡೆ ತುಂಬಿದ ಒಂಟಿ ಕಾಲುಚೀಲವೊಂದು ಅದರ ಮೇಲೆ ಕೂತಿತ್ತು. ಮಾತಾಡಿದರೆ ಕಥೆ ಒಡೆಯುತ್ತದೆ ಎಂಬ ಹೆದರಿಕೆ ನನಗೆ ಹುಟ್ಟಿದಾಗಿನಿಂದ ಇದೆ.

ಫೋನ್ ಬಂದದ್ದು ಯುಪ್ ಮಾಮನಿಗೆ. ಅವನು ಕೇಳಿದ, ಕೇಳಿದ, ಕೇಳುತ್ತಲೇ ಹೋದ. ಆಮೇಲೆ ಫೋನನ್ನು ಬಿಯರ್ ಲೋಟದೊಳಗೆ ಇಳಿಸಿ, ಬಿಲ್ಲೆಯನ್ನು ಕಿವಿಗೆ ಹಿಡಿದುಕೊಂಡ.

“ಏನಂತೋ?” ಎಂದಳು ಅಜ್ಜಿ.

ಅವನು ಮೇಜಿನ ಮೇಲಿದ್ದ ತನ್ನ ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡು, ಆನೆಮರಿಗಳ ಕಿಂಡಿ ತೆರೆದು ಕೂಗಿದ: “ಸೋಮವಾರ ಬಿಲ್ಲಕ್ಕ! ನಾಳೆ! ನಾವು!”

ಆಮೇಲಿನದನ್ನು ಬರೆಯಲು ಬರುವುದಿಲ್ಲ. ಕುರ್ಚಿಗಳಿಗೂ ಅಂದು ಮುತ್ತು ಸಿಕ್ಕಿತು. ಆ ಗಲಾಟೆಯಲ್ಲಿ ನನಗೆ ಸಿಕ್ಕಿದ ಒಂದು ಮುತ್ತಿನ ನಡುವೆ ಯಾವ ಗೋಳವೂ ಇರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಅಜ್ಜಿ ತನ್ನ ಲೋಟದ ಬಿಲ್ಲೆ ತೆಗೆಯಲೇ ಇಲ್ಲ. “ನಾಳೆ ಮುಗಿಸ್ಕೊಂಡು ಬಂದು,” ಎಂದಳು.

ಸೋಮವಾರ ನಾವು ಕುದುರೆಗಳ ಹಿಂದೆ, ಹೂಗುಚ್ಛ ಎಸೆಯುವ ದೊಡ್ಡವರ ಬಂಡಿಯ ಮುಂದೆ ನಡೆದೆವು. ಕುದುರೆಗಳ ಹಿಂದೆ ನಡೆಯುವಾಗ ನೆಲ ನೋಡಿಕೊಂಡು ನಡೆಯಬೇಕು ಎಂಬುದೊಂದನ್ನು ಬಿಟ್ಟರೆ ಎಲ್ಲವೂ ಸ್ವರ್ಗ. ಅಜ್ಜಿಯ ಒಂದು ಕೈ ನನ್ನ ತೋಳಿನಲ್ಲಿ, ಇನ್ನೊಂದು ಯುಪ್ ಮಾಮನ ತೋಳಿನಲ್ಲಿ. ಮಂಡಿ ಬಗ್ಗದೆ ಅವಳು ಕಾಲನ್ನು ಪಕ್ಕಕ್ಕೆ ಬೀಸಿ ಬೀಸಿ ಇಡುತ್ತಿದ್ದಳು. ಚಂದ್ರನ ಮೇಲೆ ಹೀಗೇ ನಡೆಯುತ್ತಾರೇನೋ ಎಂದು ಜನ ತಿಳಿದರು. ಮಕ್ಕಳೆಲ್ಲ ಅವಳಂತೆಯೇ ಕಾಲು ಬೀಸಿ ನಡೆಯತೊಡಗಿದರು.

ತಿರುವಿನಲ್ಲಿ ಅವಳ ಹಿಡಿತ ಬಿಗಿಯಾಯಿತು. ಬೇಕರಿಯಿದ್ದ ಬೀದಿ.

ಕಿಟಕಿ ಕಾಣಲಿಲ್ಲ. ಜನ, ಜನ, ಜನದ ಮೇಲೆ ತಲೆಕೆಳಗಾದ ಕೊಡೆಗಳು. ಬೇಕರಿಯ ಬೋರ್ಡಿನ ಮೇಲಿನ ಎರಡು ಅಕ್ಷರ ಕಂಡವು, ಅಷ್ಟೆ. ಅಜ್ಜಿ ಕಾಲ್ಬೆರಳ ತುದಿಯಲ್ಲಿ ನಿಂತಳು. ಆ ಮಂಡಿಯಲ್ಲಿ! ಹಿಂದಿನ ಬಂಡಿ ಬರುತ್ತಿತ್ತು, ಮೆರವಣಿಗೆ ಕಾಯುವ ಸ್ವಯಂಸೇವಕ ಪೀಪಿ ಊದುತ್ತಾ, “ನಡೀರಿ, ಚಂದ್ರಲೋಕ, ನಡೀರಿ! ಸಾಲು ಬಿಡಬೇಡಿ!” ಎನ್ನುತ್ತಿದ್ದ.

ಅಜ್ಜಿ ನನ್ನ ತೋಳು ಬಿಟ್ಟಳು. ಯುಪ್ ಮಾಮನ ತೋಳೂ ಬಿಟ್ಟಳು. ತನ್ನ ಕೊಳವೆಯನ್ನು ಸೊಂಟದಿಂದ ಬಿಚ್ಚಿ ಮುಂದಕ್ಕೆ ಹಿಡಿದು, ಇಡೀ ಬೀದಿಗೆ ಕೇಳುವಂತೆ ಅದರಿಂದ ಕೂಗಿದಳು: “ದಾರಿ ಬಿಡ್ರೋ! ನಾನು ಬೇಕರಿಯವಳು! ಬೋಂಡ ತಣ್ಣಗಾಗ್ತಿದೆ!”

ಕೊಲೋನ್‌ನ ಜನ ಮೇಯರಿಗೆ ದಾರಿ ಬಿಡದಿದ್ದಾರು, ಬೋಂಡಕ್ಕೆ ಬಿಡುತ್ತಾರೆ. ಗುಂಪು ಇಬ್ಭಾಗವಾಯಿತು. ಆ ತುದಿಯಲ್ಲಿ ಕಿಟಕಿ. ಗಾಜೆಲ್ಲ ಬೆಳ್ಳಗೆ. ಬಿಳುಪಿನಾಚೆ, ಹಿಟ್ಟಿನ ಕೈಯ ನಡುವಯಸ್ಸಿನ ಹೆಂಗಸೊಬ್ಬಳು ಜಾಲರಿ ಹಿಡಿದು ಪುಡಿ ಉದುರಿಸುತ್ತಾ ನಿಂತಿದ್ದಳು, ತಲೆ ಎತ್ತದೆ.

ಅಜ್ಜಿ ಗಾಜಿಗೆ ಹಣೆ ತಾಗಿಸಿದಳು. ಟಕ್.

ಹೆಂಗಸು ತಲೆ ಎತ್ತಿದಳು. ಅವಳಿಗೆ ಕಂಡದ್ದು ತೂತಿನ ಪಾತ್ರೆ ಹೊತ್ತ, ಮೊಟ್ಟೆ ಕಲಕುವ ತಂತಿಗಳ ಮೀಸೆಯ ಒಂದು ಚಂದ್ರಲೋಕದ ಮುದುಕಿ. ಕಿರುಚಬಹುದಿತ್ತು. ಅಂಗೈಯಿಂದ ಗಾಜು ಒರೆಸಿದಳು, ಕೈ ಹಿಟ್ಟಿನದಾದ್ದರಿಂದ ಇನ್ನಷ್ಟು ಬೆಳ್ಳಗಾಯಿತು. ಜಾಲರಿ ಕೆಳಗಿಟ್ಟು, ಬಿಸಿ ಬೋಂಡ ಒಂದನ್ನೆತ್ತಿಕೊಂಡು, ಬಾಗಿಲು ತೆರೆದು ಹೊರಗೇ ಬಂದುಬಿಟ್ಟಳು.

“ಎಲ್ಲಿಂದ ಬಂದ್ರಮ್ಮಾ ನೀವು?”

“ಒಳಗಿನಿಂದ,” ಎಂದಳು ಅಜ್ಜಿ. “ಅದೇ ನೀನು ನಿಂತಿದ್ದ ಜಾಗದಿಂದ. ಹೊರಗೆ ಬರೋಕೆ ಸ್ವಲ್ಪ ತಡ ಆಯ್ತು.”

ಆ ಹೆಂಗಸಿಗೆ ಏನು ಅರ್ಥವಾಯಿತೋ. ಅಜ್ಜಿಯ ಕಿಂಡಿ ತಾನೇ ಎತ್ತಿ, ಕೆನ್ನೆಗೊಂದು ಮುತ್ತು ಕೊಟ್ಟು, ಅದರ ಹಿಂದೆಯೇ ಬೋಂಡವನ್ನು ಬಾಯಿಗೆ ತುರುಕಿದಳು. ಅಜ್ಜಿ ಕಚ್ಚಿದಳು, ಜೊತೆಗೇ ಸೀನಿದಳು.

ಹೆಲ್ಮೆಟ್ಟಿನೊಳಗೆ ಹಿಮ ಬಿತ್ತು. ಸಕ್ಕರೆಪುಡಿ ಭಗ್ಗನೆ ಹಾರಿ ಒಳಗೋಡೆಗೆಲ್ಲ ಅಂಟಿ, ಕಿಂಡಿ ಟಪ್ಪೆಂದು ಮುಚ್ಚಿ, ಅಜ್ಜಿ ಎಂಬುವಳು ಮಾಯವಾಗಿ, ಬೆಳ್ಳನೆಯ ಹುಣ್ಣಿಮೆಯೊಂದು ಬೀದಿಯಲ್ಲಿ ನಿಂತಿತು. ಪೀಪಿಯವನು ಓಡಿ ಬಂದ. ನಾನೂ ಯುಪ್ ಮಾಮನೂ ಅವಳನ್ನು ಎರಡೂ ಬದಿಯಿಂದ ಹಿಡಿದು ಸಾಲಿಗೆ ತಂದೆವು. ಎಮ್ರೆಯ ಡೋಲು ಮುಂದೆ ಹೋಗುತ್ತಿತ್ತು.

“ಅಜ್ಜಿ, ಕಿಂಡಿ ತೆಗಿ, ಒರೆಸ್ತೀನಿ,” ಎಂದೆ.

“ಬೇಡ.”

“ಏನಾದ್ರೂ ಕಾಣ್ತಿದೆಯಾ ನಿನಗೆ?”

ಕೊಳವೆಯಿಂದ, ಬಾಯಿ ತುಂಬ ಜಾಮ್ ಇಟ್ಟುಕೊಂಡ ದನಿ ಬಂತು. “ಕುದುರೆ ಕಾಣ್ತಿದೆ. ಕೆಂಪಗೆ ಏನೋ ಹೋಗ್ತಿದೆ. ಡೋಲು. ಎಲ್ಲಾ ಬೆಳ್ಳಗೆ. ಹಿಂಗೇ ಕಣೇ ಮೆರ್ಲೆ, ಥೇಟ್ ಹಿಂಗೇ ಕಾಣ್ತಿತ್ತು ಆಗ.” ಸ್ವಲ್ಪ ಹೊತ್ತು ಅಗಿಯುವ ಸದ್ದು. “ಕಾಲು ಮಾತ್ರ ಆಗ ನಿಂತೇ ಇರ್ತಿತ್ತು.”

ಹಾಗೆಂದು ಬಲಗಾಲನ್ನು ಪಕ್ಕಕ್ಕೆ ಬೀಸಿ ಮುಂದಿಟ್ಟಳು. ನಾವು ಮೂವರೂ ಒಟ್ಟಿಗೆ ಕಾಲು ಬೀಸಿದೆವು. ಹಿಂದಿನಿಂದ ದೊಡ್ಡವರ ಬಂಡಿಯಿಂದ ಯಾರೋ ಎಸೆದ ಚಾಕೊಲೇಟಿನ ಪೊಟ್ಟಣವೊಂದು ಅವಳ ತೂತಿನ ಪಾತ್ರೆಗೆ ಬಡಿದು ಠಣ್ಣೆಂದಿತು.

“ಅಲಾಫ್!” ಎಂದಿತು ಹುಣ್ಣಿಮೆ.